ಅಜ್ಜನ ಬಂದೂಕು, ಹಲಗಲಿಯ ಹತಾರ

ನಮ್ಮಜ್ಜನ ಬಂದೂಕು ನೋಡಲಿಕ್ಕೆ ಅಂಥಾ ಚಂದೇನೂ ಇರಲಿಲ್ಲ. ಬಾಯಿಂದ ಮದ್ದು ತುಂಬುವ ಒಂಟಿ ನಳಿಗೆಯದು. ಕಬ್ಬಿಣದ ಕಪ್ಪು ಹೋಗಿ ಬೂದಿಬಣ್ಣ ಬಂದಿತ್ತು. ಆದರೆ ಕಟ್ಟಿಗೆಯ ಹಿಡಿಕೆ, ಅಜ್ಜನ ಗಲ್ಲ ತಾಗುವಲ್ಲಿ, ಅಂಗೈ ಕೂಡುವಲ್ಲಿ ಸವೆದು ಹಳೇ ಮನೆಯ ಹೊಸ್ತಿಲದಂಗ ನುಣುಪಾಗಿತ್ತು. ಕಣ್ಣು ಮುಚ್ಚಿ ಕೈಯಾಡಿಸಿದರೂ ಅಜ್ಜ ಅದನ್ನು ಎಲ್ಲಿ ಹಿಡಿಯುತ್ತಿದ್ದ ಅಂತ ತಿಳೀತಿತ್ತು. ಹಳೇ ಬಂದೂಕಿನ ಸೆಳೆತ ಇರೋದು ಅಲ್ಲೇ. ಹೊಸದನ್ನು ರೊಕ್ಕ ಕೊಟ್ಟು ತರಬಹುದು, ಸವೆತ ತರಲಿಕ್ಕಾಗೂದಿಲ್ಲ.

ಅಜ್ಜ ತೀರಿಕೊಂಡ ಮೇಲೆ ಅಪ್ಪ ಅದನ್ನು ಠಾಣೆಗೆ ಒಪ್ಪಿಸಿ ಬಂದ. ಬೆಂಗಳೂರಿನಿಂದ ಫೋನ್ ಮಾಡಿ ಜಗಳಾಡಿದೆ.

"ಯಪ್ಪಾ, ಲೈಸೆನ್ಸ್ ನನ್ನ ಹೆಸರಿಗೆ ಮಾಡಸಬೇಕಿತ್ತು."

"ನೀ ಏನ್ ಹೊಡಿಯಾಂವ ತಮ್ಮಾ? ಎಲೆಕ್ಷನ್ ಬಂದಾಗೊಮ್ಮೆ ಠಾಣೆಕ್ಕ ಹೊತ್ತು ಒಯ್ಯಾಂವ ನಾನು!"

ಅಪ್ಪ ಒಂದು ಸಹಿ ಹಾಕಿ ಕೊಟ್ಟುಬಂದ. ನಮ್ಮ ಮುದ್ದೇಬಿಹಾಳದಿಂದ ಕೃಷ್ಣೆ ದಾಟಿ ಪಶ್ಚಿಮಕ್ಕ ಹೋದರೆ ಮುಧೋಳ ಸೀಮೆಯ ಹಲಗಲಿ. 1857ರಲ್ಲಿ ಕಂಪನಿ ಸರಕಾರ ಹತಾರ ಒಪ್ಪಿಸಿರಿ, ಇಟ್ಟುಕೊಳ್ಳಬೇಕಾದರೆ ಪರವಾನಗಿ ತಗೊಳ್ಳಿರಿ ಅಂದಾಗ, ಅಲ್ಲಿಯ ಬೇಡರು ಕೊಡೂದಿಲ್ಲ ಅಂದರು. ನವೆಂಬರ್ ಕೊನೆಗೆ ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ ಮುಧೋಳ ಮತ್ತು ಹಲಗಲಿಯಲ್ಲಿ ಸೇರಿ 19 ಮಂದಿಯನ್ನು ಗಲ್ಲಿಗೇರಿಸಿದರು. ಈ ಕಥೆ ಲಾವಣಿಯಾಗಿ ಉಳಿಯಿತು.

ಒಂದು ಹತಾರಕ್ಕಾಗಿ ಜೀವ ಕೊಡೂದೇ ಅಂತ ಶಾಲೆಯಲ್ಲಿ ಓದುವಾಗ ಅನಿಸಿತ್ತು. ಆದರೆ ಬೇಟೆಯೇ ಕುಲಕಸುಬಾದವನಿಗೆ ಹತಾರ ಅಂದರೆ ಊಟ. ಸೈನ್ಯಕ್ಕ ಸೇರಿದರೆ ಅದೇ ಪಗಾರ. ಊರೊಳಗ ಅದೇ ಮರ್ಯಾದೆ. ಅಪ್ಪನಿಂದ ಮಗನಿಗೆ ಬಂದ ಸವೆತವನ್ನು ಸರಕಾರದ ಪುಸ್ತಕದೊಳಗ ಒಂದು ನಂಬರ್ ಮಾಡೂದು ಅವರಿಗೆ ಒಪ್ಪಿಗೆಯಾಗಲಿಲ್ಲ.

1878ರ ಶಸ್ತ್ರಾಸ್ತ್ರ ಕಾಯ್ದೆ ಆ ನಂಬರನ್ನು ದೇಶಕ್ಕೆಲ್ಲ ತಂದಿತು. ಕೊಡವರಿಗೆ ವಿನಾಯಿತಿ ಸಿಕ್ಕಿತು, ಇವತ್ತಿಗೂ ಐತಿ. ಕೈಲ್‌ಪೊಳ್ದ್ ಹಬ್ಬದಲ್ಲಿ ಅವರು ಕೋವಿಗೆ ಹೂವಿಟ್ಟು ಪೂಜೆ ಮಾಡತಾರ. ಹಲಗಲಿಯವರಿಗೆ ಆ ಭಾಗ್ಯ ಇರಲಿಲ್ಲ.

ಹಾಗಂತ ಬೇಟೆಯನ್ನು ಹೊಗಳಲಾರೆ. ಇಂಡಿ, ಸಿಂದಗಿ, ಬಾಗೇವಾಡಿಯ ಎರಿಹೊಲದಾಗ ಚಿಗರಿ ಹಿಂಡು ಹಿಂಡಾಗಿ ಓಡತಿದ್ದವು ಅಂತ ಅಜ್ಜ ಹೇಳುವಾಗ, ಅವು ಎಲ್ಲಿ ಹೋದವು ಅಂತ ನಾನು ಕೇಳಲಿಲ್ಲ. ಉತ್ತರ ಗೋಡೆಗೆ ತೂಗಾಡುತ್ತಿತ್ತು. 1972ರ ವನ್ಯಜೀವಿ ಕಾಯ್ದೆ ಬಂದದ್ದು ಒಳ್ಳೇದೇ ಆಯಿತು.

ಅಪ್ಪ ಮಾಡಿದ್ದು ತಪ್ಪಲ್ಲ. ಆದರೂ ಕೊಡುವ ಮೊದಲು ಒಂದು ಸಲ ಆ ಹಿಡಿಕೆಯ ಮೇಲೆ ಕೈಯಾಡಿಸಬೇಕಿತ್ತು ನಾನು. ಈಗ ಊರಿಗೆ ಹೋದರೆ ಗೋಡೆಯಲ್ಲಿ ಎರಡು ಗೂಟ ಅಷ್ಟೇ ಅದಾವು. ಅವ್ವ ಅದಕ್ಕ ಕೊಡೆ ತೂಗಹಾಕ್ಯಾಳ.