ತಲೆ ಎಣಿಕೆಯೂ ರೈಲು ಹಳಿಯೂ

1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ ಅದು 42 ಲಕ್ಷಕ್ಕಿಳಿಯಿತು. ನಡುವೆ ಬಂದುಹೋದದ್ದು 1876–78ರ ಧಾತು-ಈಶ್ವರ ಬರ. ತುಮಕೂರು ಜಿಲ್ಲೆಯೂ ಅದರಲ್ಲಿ ಬೆಂದಿತ್ತು. ಮದ್ರಾಸಿನಿಂದ ಬೆಂಗಳೂರಿನವರೆಗೆ ರೈಲಿನಲ್ಲಿ ಬಂದ ಧಾನ್ಯವನ್ನು ಒಳನಾಡಿಗೆ ಸಾಗಿಸಲು ಎತ್ತಿನ ಗಾಡಿಯೇ ಗತಿ. ಮೇವಿಲ್ಲದೆ ಎತ್ತುಗಳೂ ಸತ್ತಿದ್ದವು.

ಈ ಪಾಠ ಕಲಿತ ಸಂಸ್ಥಾನ ಹಳಿ ಹಾಕಲು ಮುಂದಾಯಿತು. 1884ರಲ್ಲಿ ತುಮಕೂರಿಗೆ ರೈಲು ಬಂತು. ಅದೇ ಹಳಿ ಗುಬ್ಬಿಯನ್ನು ಹಾದು 1889ರಲ್ಲಿ ಹರಿಹರ ಮುಟ್ಟಿತು. ಕುಣಿಗಲ್ ಮಾತ್ರ 2017ರವರೆಗೆ ಕಾಯಬೇಕಾಯಿತು.

ಹಳಿಯೊಂದೇ ಸಾಲದು ಎಂಬುದಕ್ಕೆ ಗುಬ್ಬಿಯೇ ಸಾಕ್ಷಿ. 2002ರ ನಂಜುಂಡಪ್ಪ ಸಮಿತಿಯ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಗುಬ್ಬಿ, ಕುಣಿಗಲ್ ಎರಡೂ ಇವೆ. 2001ರಿಂದ 2011ರೊಳಗೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಶೇ. 47ರಷ್ಟು ಹೆಚ್ಚಿದರೆ, ತುಮಕೂರು ಜಿಲ್ಲೆಯದು ಶೇ. 4ನ್ನೂ ಮುಟ್ಟಲಿಲ್ಲ. ಕುಟುಂಬಗಳು ಚಿಕ್ಕದಾದವು, ದುಡಿಯುವ ವಯಸ್ಸಿನವರು ಬೆಂಗಳೂರಿನ ಬಸ್ಸು ಹತ್ತಿದರು. 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆ ಸಿಕ್ಕಿದ್ದೂ ತುಮಕೂರು ನಗರಕ್ಕೆ.

ಅಂದು ತಲೆಗಳು ಕಡಿಮೆಯಾದಾಗ ಸರ್ಕಾರ ಹಳಿ ಹಾಕಿತು. ಇಂದು ಮಕ್ಕಳು ಕಡಿಮೆಯೆಂದು ಹಳ್ಳಿಯ ಶಾಲೆಗಳನ್ನು ವಿಲೀನಗೊಳಿಸುವ ಮಾತು ಕೇಳಿಬರುತ್ತದೆ. ಅದು ಲೆಕ್ಕಕ್ಕೆ ಸರಿಹೋದೀತು, ನ್ಯಾಯಕ್ಕಲ್ಲ. ಊರಿನಲ್ಲಿ ಉಳಿದವರನ್ನೂ ಎಣಿಸಬೇಕಲ್ಲವೆ?