ಎಲೆಯ ಹಳದಿಯಿಂದ ಗಾಜಿನ ಫಲಕದವರೆಗೆ: ಜೀವಸತ್ವ ಪೃಥಕ್ಕರಣದ ಇತಿಹಾಸ

ನಮ್ಮ ಜತ್ತ ತಾಲೂಕು ಮಳೆ ಕಡಿಮೆಯ ಸೀಮೆ. ಜೋಳ, ಸಜ್ಜೆ, ಬೇಳೆಕಾಳು, ಹಿತ್ತಲಿನ ನುಗ್ಗೆಸೊಪ್ಪು ಇವು ಇಲ್ಲಿಯವರ ಹಳೆಯ ಆಹಾರ. ಇವುಗಳಲ್ಲಿ ಇಂತಿಂಥ ಜೀವಸತ್ವಗಳಿವೆಯೆಂದು ಪಾಠಪುಸ್ತಕ ಹೇಳುತ್ತದೆ, ನಾವು ಕಲಿಸುತ್ತೇವೆ, ಮಕ್ಕಳು ಬಾಯಿಪಾಠ ಮಾಡುತ್ತಾರೆ. ಆದರೆ ಕಣ್ಣಿಗೆ ಕಾಣದ, ಒಂದು ಸೇರು ಧಾನ್ಯದಲ್ಲಿ ಗುಲಗಂಜಿಯ ತೂಕದಷ್ಟೂ ಇರದ ಈ ವಸ್ತುಗಳನ್ನು ಮನುಷ್ಯನು ಗುರುತಿಸಿದ್ದು ಹೇಗೆ? ಇದನ್ನು ಕೇಳುವ ಮಗುವಿಗೆ ಉತ್ತರ ಕೊಡಬೇಕಾದವರು ಶಿಕ್ಷಕರೇ. ಆದುದರಿಂದ ಆ ಇತಿಹಾಸವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬಯಸುತ್ತೇವೆ.

ಕಥೆ ಆರಂಭವಾಗುವದು ಆಹಾರಶಾಸ್ತ್ರದಲ್ಲಲ್ಲ, ಸಸ್ಯಶಾಸ್ತ್ರದಲ್ಲಿ. ಮಿಖಾಯಿಲ್ ತ್ಸ್ವೆತ್ ಎಂಬ ರಷ್ಯದ ವಿದ್ವಾಂಸರು 1903ರಲ್ಲಿ ವಾರ್ಸಾ ನಗರದಲ್ಲಿ ತಮ್ಮ ಹೊಸ ಪದ್ಧತಿಯನ್ನು ವಿವರಿಸಿದರು. ಗಾಜಿನ ನಳಿಕೆಯಲ್ಲಿ ಸೀಮೆಸುಣ್ಣದಂಥ ನುಣುಪಾದ ಪುಡಿಯನ್ನು ಒತ್ತಿ ತುಂಬಿ, ಅದರ ಮೇಲೆ ಎಲೆಯ ಸಾರವನ್ನು ಹೊಯ್ದು, ದ್ರಾವಕವನ್ನು ಇಳಿಬಿಟ್ಟರೆ ಒಂದೇ ಹಸಿರಾಗಿ ಕಂಡದ್ದು ಹಸಿರು, ಹಳದಿ ಪಟ್ಟಿಗಳಾಗಿ ಬೇರ್ಪಡುತ್ತಿತ್ತು. ಪುಡಿಗೆ ಬಿಗಿಯಾಗಿ ಅಂಟುವ ವಸ್ತು ಹಿಂದೆ ಉಳಿಯುವದು. ದ್ರಾವಕದೊಡನೆ ಹೋಗಬಯಸುವದು ಮುಂದೆ ಸಾಗುವದು. ತತ್ವ ಇಷ್ಟೇ. 1906ರಲ್ಲಿ ಅವರು ಇದಕ್ಕೆ ‘ಕ್ರೊಮೆಟೊಗ್ರಫಿ’ ಎಂದು ಹೆಸರಿಟ್ಟರು. ‘ಬಣ್ಣದ ಬರಹ’ ಎಂದು ಅದರ ಅರ್ಥ. ‘ತ್ಸ್ವೆತ್’ ಎಂಬುದಕ್ಕೂ ರಷ್ಯನ್ ಭಾಷೆಯಲ್ಲಿ ಬಣ್ಣವೆಂದೇ ಅರ್ಥ.

ಎಲ್ಲಕ್ಕೂ ಮುಂದೆ ಸಾಗಿ ನಳಿಕೆಯಿಂದ ಇಳಿಯುತ್ತಿದ್ದ ಹಳದಿ ವಸ್ತು ಕ್ಯಾರೊಟಿನ್. ಆಗ ‘ವಿಟಮಿನ್’ ಎಂಬ ಶಬ್ದವೇ ಹುಟ್ಟಿರಲಿಲ್ಲ. ಕಾಸಿಮಿರ್ ಫಂಕ್ ಅವರು ಅದನ್ನು ಬಳಕೆಗೆ ತಂದದ್ದು 1912ರಲ್ಲಿ. ಕ್ಯಾರೊಟಿನ್ ಪ್ರಾಣಿಯ ದೇಹದಲ್ಲಿ ‘ಎ’ ಜೀವಸತ್ವವಾಗುವದೆಂದು ಥಾಮಸ್ ಮೂರ್ ಅವರು ತೋರಿಸಿದ್ದು 1930ರಲ್ಲಿ. ಅಂದರೆ ಈ ವಿದ್ಯೆಯು ತನ್ನ ಮೊದಲ ದಿನಗಳಲ್ಲಿಯೇ ಜೀವಸತ್ವದ ತಾಯಿಯನ್ನು ಬೇರ್ಪಡಿಸಿತ್ತು, ಅದು ಯಾರೆಂದು ತಿಳಿಯದೆಯೇ! ತ್ಸ್ವೆತ್ ಅವರು 1919ರಲ್ಲಿ ತೀರಿಕೊಂಡರು. ಬಹಳ ಕಾಲ ಉಪೇಕ್ಷೆಗೊಳಗಾದ ಅವರ ನಳಿಕೆಗೆ ಪುನರ್ಜನ್ಮ ದೊರೆತದ್ದು 1931ರಲ್ಲಿ, ಹೈಡೆಲ್‌ಬರ್ಗಿನ ಕೂನ್ ಮತ್ತು ಲೆಡರರ್ ಅವರು ಕ್ಯಾರೊಟಿನ್ನಿನ ಪ್ರಕಾರಗಳನ್ನು ಅದರಿಂದಲೇ ವಿಂಗಡಿಸಿದಾಗ.

ನಳಿಕೆಯ ಕೆಲಸ ನಿಧಾನವಾದದ್ದು, ಸಾಮಗ್ರಿಯೂ ಹೆಚ್ಚು ಬೇಕು. 1938ರಲ್ಲಿ ಖಾರ್ಕಿವ್ ನಗರದ ಇಜ್ಮಾಯಿಲೊವ್ ಮತ್ತು ಶ್ರೈಬರ್ ಎಂಬವರು ಔಷಧಿ ಸಸ್ಯಗಳ ಸಾರವನ್ನು ಪರೀಕ್ಷಿಸಲು ಗಾಜಿನ ತುಣುಕಿನ ಮೇಲೆ ಅಲ್ಯುಮಿನಿಯಂ ಆಕ್ಸೈಡಿನ ತೆಳುವಾದ ಪದರವನ್ನು ಬಳಿದು ನೋಡಿದರು. 1944ರಲ್ಲಿ ಇಂಗ್ಲೆಂಡಿನಲ್ಲಿ ಮಾರ್ಟಿನ್ ಮತ್ತು ಸಂಗಡಿಗರು ಪುಡಿಯ ಬದಲು ಸೋಸುಕಾಗದವನ್ನು ಬಳಸಿದರು. ಈ ಕಾಗದದ ವಿದ್ಯೆಯಲ್ಲಿ ಕನ್ನಡ ನಾಡಿಗೂ ಪಾಲುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಕೆ. ವಿ. ಗಿರಿ ಮತ್ತು ಅವರ ಸಹಕಾರಿಗಳು ವೃತ್ತಾಕಾರದ ಕಾಗದದ ಪದ್ಧತಿಯನ್ನು ಬೆಳೆಸಿ, 1952ರಲ್ಲಿ ಅಮೈನೊ ಆಮ್ಲಗಳ ವಿಂಗಡಣೆಯನ್ನು ಕುರಿತು ಪ್ರಕಟಿಸಿದರು.

ತೆಳುಪದರಕ್ಕೆ ಮತ್ತೆ ಚಾಲನೆ ಕೊಟ್ಟವರು 1951ರಲ್ಲಿ ಅಮೇರಿಕೆಯ ಕಿರ್ಚ್ನರ್. ಶಾಸ್ತ್ರದ ಶಿಸ್ತು ಕೊಟ್ಟವರು ಜರ್ಮನಿಯ ಎಗೊನ್ ಸ್ಟಾಲ್. ಸ್ಟಾಲ್ ಅವರು 1956ರಿಂದ 1958ರವರೆಗಿನ ದುಡಿಮೆಯಿಂದ ಪುಡಿಯ ಗುಣವನ್ನೂ ಪದರದ ದಪ್ಪವನ್ನೂ ಬಳಿಯುವ ಉಪಕರಣವನ್ನೂ ನಿಶ್ಚಿತಗೊಳಿಸಿದರು. ಅಂದಿನಿಂದ ಒಂದೂರಿನ ಫಲಿತಾಂಶವನ್ನು ಇನ್ನೊಂದೂರಿನದರೊಡನೆ ಹೋಲಿಸುವದು ಸುಲಭವಾಯಿತು.

ಕ್ರಮ ಹೀಗಿದೆ. ಸಿಲಿಕಾ ಜೆಲ್ ಪುಡಿಗೆ ಅಂಟಿಗಾಗಿ ಜಿಪ್ಸಮ್ ಬೆರಸಿ, ನೀರಿನಲ್ಲಿ ಕಲಸಿ, ಗಾಜಿನ ಫಲಕದ ಮೇಲೆ ಸುಮಾರು 0.25 ಮಿಲಿಮೀಟರ್ ದಪ್ಪ ಬಳಿದು, ಒಣಗಿಸಿ ಕಾಯಿಸುವರು. ಫಲಕದ ಕೆಳಭಾಗದಲ್ಲಿ ಪರೀಕ್ಷೆಯ ಸಾರದ ಒಂದು ಚಿಕ್ಕೆ, ಪಕ್ಕದಲ್ಲಿ ಶುದ್ಧ ಜೀವಸತ್ವದ ಒಂದು ಚಿಕ್ಕೆ ಇಟ್ಟು, ಮುಚ್ಚಿದ ಪಾತ್ರೆಯಲ್ಲಿ ತಳದಲ್ಲಷ್ಟೇ ದ್ರಾವಕವಿರುವಂತೆ ನಿಲ್ಲಿಸುವರು. ದ್ರಾವಕ 12 ಸೆಂಟಿಮೀಟರ್ ಏರಿದಾಗ ಚಿಕ್ಕೆ 6 ಸೆಂಟಿಮೀಟರ್ ಏರಿದ್ದರೆ ಅದರ ಅಂಕ 0.5. ಎರಡೂ ಚಿಕ್ಕೆಗಳು ಸಮನಾಗಿ ಏರಿದರೆ ಅವು ಒಂದೇ ವಸ್ತುವಾಗಿರಬಹುದು. ಬಣ್ಣದ ಪರೀಕ್ಷೆ ಅದಕ್ಕೆ ಬಲ ಕೊಡುವದು. ರೈಬೊಫ್ಲೇವಿನ್ ಅತಿನೇರಳೆ ಬೆಳಕಿನಲ್ಲಿ ಹಳದಿ-ಹಸಿರಾಗಿ ಹೊಳೆಯುವದು. ‘ಎ’ ಜೀವಸತ್ವ ಆಂಟಿಮನಿ ಟ್ರೈಕ್ಲೋರೈಡಿನಿಂದ ನೀಲಿಯಾಗುವದು. ‘ಸಿ’ ಜೀವಸತ್ವವಿದ್ದಲ್ಲಿ ಇಂಡೊಫಿನಾಲ್ ವರ್ಣದ್ರವ್ಯ ಬಣ್ಣಗೆಡುವದು. ‘ಎ’ ಜೀವಸತ್ವವು ಗಾಳಿ ಬೆಳಕುಗಳಿಂದ ಕೆಡುವದರಿಂದ ಈ ಕೆಲಸವನ್ನು ಮಂದ ಬೆಳಕಿನಲ್ಲಿ ಬೇಗನೆ ಮುಗಿಸಬೇಕು.

ಆದರೆ ಫಲಕದ ಮಾತೇ ಕೊನೆಯ ಮಾತಲ್ಲ. ಜೋಳವುಣ್ಣುವ ನಮಗೆ ಇದು ವಿಶೇಷವಾಗಿ ತಿಳಿದಿರಬೇಕು. ನಿಯಾಸಿನ್ ಜೀವಸತ್ವದ ಕೊರತೆಯಿಂದ ಪೆಲಾಗ್ರ ಎಂಬ ಚರ್ಮರೋಗ ಬರುವದು. ಹೈದರಾಬಾದಿನ ಸಂಶೋಧಕರಾದ ಗೋಪಾಲನ್ ಮತ್ತು ಶ್ರೀಕಂಟಯ್ಯ ಅವರು ಜೋಳವನ್ನೇ ನಂಬಿದ ಬಡವರಲ್ಲಿ ಈ ರೋಗವನ್ನು ಕಂಡರು. ಜೋಳದಲ್ಲಿ ನಿಯಾಸಿನ್ ಅಕ್ಕಿಗಿಂತ ಕಡಿಮೆಯೇನೂ ಇಲ್ಲ. ಹಾಗಾದರೆ ರೋಗವೇಕೆ? ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲ ಅಡ್ಡಿ ಮಾಡುವದೆಂದು 1960ರಲ್ಲಿ ಅವರು ಪ್ರತಿಪಾದಿಸಿದರು. ಈ ವಾದದ ಮೇಲೆ ಬಳಿಕ ಚರ್ಚೆ ನಡೆದಿದೆ. ಧಾನ್ಯದಲ್ಲಿ ಇರುವದು ಬೇರೆ, ದೇಹಕ್ಕೆ ದಕ್ಕುವದು ಬೇರೆ ಎಂಬ ಪಾಠ ಮಾತ್ರ ಉಳಿಯುವಂಥದು. ಜೋಳದ ರೊಟ್ಟಿಯೊಡನೆ ಬೇಳೆ, ಸೊಪ್ಪು, ಮಜ್ಜಿಗೆ ಇರಲೇಬೇಕೆಂಬ ಹಿರಿಯರ ರೂಢಿಯನ್ನು ಈ ದೃಷ್ಟಿಯಿಂದ ಕಾಣಬೇಕು.

ಇಂದು ಜೀವಸತ್ವದ ಪ್ರಮಾಣವನ್ನು ನಿಖರವಾಗಿ ಅಳೆಯಲು ಹೆಚ್ಚಿನ ಒತ್ತಡದ ದ್ರವ ಕ್ರೊಮೆಟೊಗ್ರಫಿಯ ಯಂತ್ರಗಳಿವೆ. ಆದರೂ ಅಲ್ಪ ವೆಚ್ಚದಲ್ಲಿ ಬೇಗನೆ ಪರೀಕ್ಷಿಸಲು ತೆಳುಪದರ ಈಗಲೂ ಬಳಕೆಯಲ್ಲಿದೆ. ಅದರ ಮೂಲತತ್ವವನ್ನು ತೋರಿಸಲು ನಮಗೆ ಯಂತ್ರವೂ ಬೇಡ. ನುಗ್ಗೆಸೊಪ್ಪನ್ನು ಸ್ಪಿರಿಟಿನಲ್ಲಿ ಅರೆದು, ಆ ಸಾರದಲ್ಲಿ ಬಿಳಿಯ ಸೀಮೆಸುಣ್ಣದ ತುಂಡನ್ನು ನಿಲ್ಲಿಸಿದರೆ ಸಾಕು. ಬೆಂಕಿ ಹತ್ತಿರ ಇರಬಾರದು. ಹಸಿರೂ ಹಳದಿಯೂ ನಿಧಾನವಾಗಿ ಬೇರೆಯಾಗುವವು. ಆ ಹಳದಿಯಲ್ಲಿ ಕ್ಯಾರೊಟಿನ್ ಉಂಟು. ಗಡಿನಾಡಿನ ಕನ್ನಡ ಶಾಲೆಯ ಮಗು ವಿಜ್ಞಾನವನ್ನು ತನ್ನ ನುಡಿಯಲ್ಲಿ ಕೇಳಬೇಕು, ತನ್ನ ಕಣ್ಣಿನಿಂದ ನೋಡಬೇಕು. ಸೀಮೆಸುಣ್ಣವು ಪ್ರತಿಯೊಬ್ಬ ಶಿಕ್ಷಕನ ಕೈಯಲ್ಲಿಯೇ ಇದೆ.