ಗೋಡೆಯೊಳಗಿನ ಬೆಣೆ

ಹೋದ ತಿಂಗಳು ನಮ್ಮ ಮನೆಯ ಗೋಡೆಯ ಹಲಗೆಯೊಂದು ನಡುರಾತ್ರಿ ಕಳಚಿ ಬಿದ್ದಿತು. ಅದರ ಮೇಲಿದ್ದುವು ನಿಘಂಟಿನ ಸಂಪುಟಗಳು. ಮರುದಿನ ಬಂದ ಬಡಗಿ ಹಲಗೆಯತ್ತ ನೋಡಲೇ ಇಲ್ಲ. ಗೋಡೆಯ ಗುಳಿಗೆ ಬೆರಳಿಟ್ಟು ಪುಡಿ ಉದುರಿಸಿ, “ತಿರುಪು ಗಾರೆಯಲ್ಲೇ ನಿಂತಿದೆ ಮೇಷ್ಟ್ರೇ, ಇಟ್ಟಿಗೆಯನ್ನು ಮುಟ್ಟಿಯೇ ಇಲ್ಲ” ಎಂದ. ಹಲಗೆಯ ಚರಿತ್ರೆ ಮರದಲ್ಲಿಲ್ಲ, ಗೋಡೆಯ ಒಳಗಿದೆ ಎಂಬುದು ನನಗೆ ಆಗ ಹೊಳೆಯಿತು.

ನಮ್ಮ ಹಿರಿಯರಿಗೆ ಈ ಚಿಂತೆಯಿರಲಿಲ್ಲ. ಅವರ ಮಣ್ಣಿನ ಗೋಡೆಗಳು ದಪ್ಪ. ಕಟ್ಟುವಾಗಲೇ ದೀಪಕ್ಕೊಂದು, ಪಂಚಾಂಗಕ್ಕೊಂದು ಗೂಡು ಬಿಡುತ್ತಿದ್ದರು. ಭಾರವನ್ನು ಗೋಡೆ ತನ್ನ ಒಡಲಲ್ಲೇ ಇಟ್ಟುಕೊಳ್ಳುತ್ತಿತ್ತು. ಇಟ್ಟಿಗೆಯ ತೆಳುಗೋಡೆಗಳು ಬಂದಮೇಲೆ ಗೂಡಿಗೆ ಎಡೆಯಿಲ್ಲದೆ ಹಲಗೆ ಹೊರಕ್ಕೆ ಚಾಚಿತು. ಹೊರಕ್ಕೆ ಚಾಚಿದ ಹಲಗೆ ಸನ್ನೆಗೋಲಿದ್ದಂತೆ. ಗೋಡೆಯಿಂದ 5 ಅಂಗುಲ ದೂರದಲ್ಲಿಟ್ಟ ಭಾರವನ್ನು 10 ಅಂಗುಲಕ್ಕೆ ಸರಿಸಿದರೆ ತಿರುಪನ್ನು ಕೀಳುವ ಎಳೆತ ಇಮ್ಮಡಿಯಾಗುತ್ತದೆ.

ತಿರುಪು ಮರದ ನಾರನ್ನು ಕಚ್ಚಿ ಹಿಡಿಯುತ್ತದೆ. ಇಟ್ಟಿಗೆಗೆ ನಾರಿಲ್ಲ, ಅದು ಪುಡಿಯಾಗುತ್ತದೆ. ಆದ್ದರಿಂದ ಹಿಂದೆ ಕೆಲಸಗಾರರು ಉಳಿಯಿಂದ ಗೋಡೆಯನ್ನು ಕೊರೆದು, ಮರದ ಬೆಣೆ ಹೊಡೆದು, ಅದಕ್ಕೆ ತಿರುಪು ಬಿಗಿಯುತ್ತಿದ್ದರು. ಗಾರೆ ಒಡೆಯುತ್ತಿತ್ತು, ಮರ ಒಣಗಿ ಕುಗ್ಗಿದರೆ ಬೆಣೆಯೂ ಸಡಿಲವಾಗುತ್ತಿತ್ತು.

ಇದಕ್ಕೊಂದು ಪರಿಹಾರ ದೊರೆತದ್ದು ಲಂಡನ್ನಿನಲ್ಲಿ, 1911ರ ಸುಮಾರಿಗೆ. ಬ್ರಿಟಿಷ್ ಮ್ಯೂಸಿಯಮ್ಮಿನ ಗೋಡೆಗಳಿಗೆ ಹೆಚ್ಚು ಗಾಯವಾಗದಂತೆ, ಕಣ್ಣಿಗೂ ಕಾಣದಂತೆ ವಿದ್ಯುತ್ ಸಲಕರಣೆಗಳನ್ನು ಕೂರಿಸಬೇಕಾಗಿತ್ತು. ಜಾನ್ ಜೋಸೆಫ್ ರಾಲಿಂಗ್ಸ್ ಎಂಬಾತ ಸೆಣಬಿನ ನಾರನ್ನು ಅಂಟಿನಿಂದ ಬಿಗಿದು ಸಣ್ಣ ಕೊಳವೆ ಮಾಡಿದ. ಸಣ್ಣ ರಂಧ್ರದಲ್ಲಿ ಅದನ್ನಿಟ್ಟು ತಿರುಪು ತಿರುಗಿಸಿದರೆ ನಾರು ಅರಳಿ ರಂಧ್ರದ ಸುತ್ತಲೂ ಒತ್ತಿ ನಿಲ್ಲುತ್ತಿತ್ತು. ಅಂದಿನ ಜಗತ್ತಿನ ಸೆಣಬಿನಲ್ಲಿ ಬಹುಪಾಲು ನಮ್ಮ ಬಂಗಾಳದ ಹೊಲಗಳಲ್ಲಿ ಬೆಳೆದುದೆಂಬುದನ್ನು ಇಲ್ಲಿ ನೆನೆಯಬಹುದು.

ಅನಂತರದ ಹೆಜ್ಜೆ ಜರ್ಮನಿಯದು. ಟುಮ್ಲಿಂಗನ್ ಎಂಬ ಹಳ್ಳಿಯ ಆರ್ಟರ್ ಫಿಷರ್ (1919–2016) ಬೀಗದ ಕೆಲಸ ಕಲಿತವನು. 1958ರಲ್ಲಿ ಅವನು ನೈಲಾನಿನ ಬೆಣೆಯನ್ನು ಮಾಡಿದ. ಉದ್ದಕ್ಕೆ ಸೀಳಿದ ಅದರ ಮೈಗೆ ಹಲ್ಲುಗಳು. ತಿರುಪಿನೊಡನೆ ತಾನೂ ತಿರುಗದಂತೆ ತಡೆಯಲು ಪಕ್ಕಕ್ಕೆ ಸಣ್ಣ ರೆಕ್ಕೆಗಳು. ತೇವಕ್ಕೆ ಕೊಳೆಯದು, ಒಣಗಿ ಕುಗ್ಗದು. ಸಾವಿರಕ್ಕೂ ಮಿಕ್ಕ ಪೇಟೆಂಟುಗಳನ್ನು ಪಡೆದ ಈ ಮನುಷ್ಯನ ಹೆಸರನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ಅವನ ಬೆಣೆಯ ವಂಶದ್ದೊಂದು ಇಲ್ಲದ ಮನೆ ಮಾತ್ರ ನಗರದಲ್ಲಿ ವಿರಳ.

ಈಗ ಆಧಾರವೇ ಕಾಣದ ಹಲಗೆಗಳು ಬಂದಿವೆ. ಗೋಡೆಗೆ ಬಿಗಿದ ಪಟ್ಟಿಯಿಂದ ಉಕ್ಕಿನ ಸರಳುಗಳು ಹೊರಚಾಚುತ್ತವೆ; ಹಲಗೆಯ ಹಿಂಬದಿಯಲ್ಲಿ ಕೊರೆದ ರಂಧ್ರಗಳು ಅವನ್ನು ನುಂಗುತ್ತವೆ. ಹಲಗೆ ಗಾಳಿಯಲ್ಲಿ ತೇಲುವಂತೆ ತೋರುತ್ತದೆ. ಆದರೆ ಅಂದಕ್ಕೆ ಬೆಲೆಯುಂಟು. ಹಳೆಯ ಬ್ರಾಕೆಟ್ಟಿನ ಉದ್ದನೆಯ ಕಾಲು ಕೆಳಗೆ ಗೋಡೆಯನ್ನು ಒತ್ತಿ ಹಿಡಿದು ಮೇಲಿನ ತಿರುಪಿನ ಶ್ರಮವನ್ನು ಹಗುರಗೊಳಿಸುತ್ತಿತ್ತು. ಹೊಸ ಪಟ್ಟಿಯ ಎತ್ತರ ಹಲಗೆಯ ದಪ್ಪದಷ್ಟೆ. ಆಧಾರವನ್ನು ಮರೆಮಾಡಿದಷ್ಟೂ ಒಳಗಿನ ಬೆಣೆಯ ಹೊಣೆ ಹೆಚ್ಚುತ್ತದೆ. ಅಲ್ಲಿ ಕೆಲಸಗಾರ ಕಳ್ಳಾಟವಾಡಿದರೆ ಹಿಡಿಯುವವರು ಯಾರು? ಗೋಡೆಯೇ, ಅದೂ ಒಂದು ನಡುರಾತ್ರಿ.

ನಮ್ಮ ಬಡಗಿ ಗಾರೆಯನ್ನು ದಾಟಿ ಇಟ್ಟಿಗೆಯ ಒಡಲಿಗೆ ರಂಧ್ರ ಕೊರೆದ. ಧೂಳನ್ನು ಊದಿ ತೆಗೆದು ಬೆಣೆ ಕೂರಿಸಿ, ಸರಳುಗಳ ಮೇಲೆ ಹಲಗೆಯನ್ನು ಸರಿಸಿದ. ಹೊರಗೆ ಒಂದು ಮೊಳೆಯ ತಲೆಯೂ ಕಾಣಲಿಲ್ಲ. ನಾನು ಸಂಪುಟಗಳನ್ನು ಎತ್ತಿಕೊಂಡೆ. “ತಾಳಿ” ಎಂದು ಅವನು ಹಲಗೆಯ ಹೊರ ಅಂಚಿಗೆ ಎರಡು ಕೈಯೂರಿ ಮೈಭಾರವನ್ನೆಲ್ಲ ಬಿಟ್ಟು ನೋಡಿದ. ಆಮೇಲೆ, “ಈಗ ಇಡಿ” ಎಂದ.